ಅತ್ತಿಹಣ್ಣಿನ ಹುಳ ಪಂಚಾಯಿತಿ ಪುಸ್ತಕದಲ್ಲಿ ಯಾಕಿಲ್ಲ?

ಕಳೆದ ಮಳೆಗಾಲದ ಕೊನೆಗೆ ಘಟ್ಟದ ಮೇಲಿನ ಒಂದು ಗ್ರಾಮ ಪಂಚಾಯಿತಿಗೆ ಬೇರೆ ಸುದ್ದಿಗಾಗಿ ಹೋಗಿದ್ದೆವು. ಕೆಲಸ ಮುಗಿದ ಮೇಲೆ, ‘ನಿಮ್ಮ ಜನತಾ ಜೀವವೈವಿಧ್ಯ ದಾಖಲಾತಿ ಇದ್ದರೆ ಸ್ವಲ್ಪ ತೋರಿಸ್ತೀರಾ ಸರ್’ ಎಂದು ಕೇಳಿದೆವು. ಕಪಾಟಿನ ಬೀಗದ ಕೈ ಹುಡುಕಲಿಕ್ಕೇ ಅರ್ಧ ಗಂಟೆ ಹಿಡಿಯಿತು. ಪುಸ್ತಕ ಚೆನ್ನಾಗಿತ್ತು, ಬಣ್ಣದ ರಕ್ಷಾಪುಟ, ಗಟ್ಟಿ ಬೈಂಡಿಂಗ್. ಆದರೆ ಯಾರೂ ತೆರೆಯದೆ ಮಳೆಗಾಲದ ಥಂಡಿಗೆ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು.

ಮರಗಳಿಗೆ ಮೂರು ಪುಟ ಇತ್ತು. ಪ್ರಾಣಿಗಳಿಗೆ ಒಂದು ಪುಟ. ಕೀಟಗಳಿಗೆ ನಾಲ್ಕು ಸಾಲು: ಜೇನು, ಇರುವೆ, ಚಿಟ್ಟೆ, ಸೊಳ್ಳೆ. ಅಷ್ಟೇ.

ಆ ಕಚೇರಿಯ ಕಿಟಕಿಯ ಹೊರಗೇ ಒಂದು ಅತ್ತಿಮರ ನಿಂತಿತ್ತು. ಕಾಂಡದ ತುಂಬಾ ಕಾಯಿ. ‘ಮರಗಳು’ ಪುಟದಲ್ಲಿ ಅತ್ತಿಯ ಹೆಸರಿತ್ತು. ಆ ಮರವನ್ನು ಬದುಕಿಸಿದ ಹುಳದ ಹೆಸರು ಎಲ್ಲಿಯೂ ಇರಲಿಲ್ಲ. ಇದು ಆ ಒಂದೇ ಪಂಚಾಯಿತಿಯ ತಪ್ಪು ಎಂದು ನಾವು ಹೇಳುವುದಿಲ್ಲ. ನಮ್ಮೆಲ್ಲರ ಕಣ್ಣಿನ ದೋಷ ಇದು. ಆನೆ ಬಂದರೆ ಸುದ್ದಿ ಮಾಡುವವರು ನಾವೇ, ಚಿರತೆ ಬಾವಿಗೆ ಬಿದ್ದರೆ ಓಡುವವರು ನಾವೇ. ಹುಳದ ಬಗ್ಗೆ ಇಷ್ಟು ವರ್ಷಗಳಲ್ಲಿ ಒಂದು ಕಾಲಂ ಸುದ್ದಿಯನ್ನೂ ನಾವು ಕಳಿಸಿರಲಿಲ್ಲ.

ಅತ್ತಿಯ ಹೂ ಎಲ್ಲಿ?

ಅತ್ತಿಯ ಹೂ ಕಂಡವರಿಲ್ಲ ಎಂದು ಹಳಬರು ಹೇಳುತ್ತಾರೆ. ಅತ್ತಿಹಣ್ಣು ನೋಡಲು ಚೆಂದ, ಬಿಚ್ಚಿದರೆ ಹುಳ ಎಂದೂ ಹೇಳುತ್ತಾರೆ. ಎರಡೂ ಮಾತು ನಿಜ, ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ನಾವು ಅತ್ತಿಕಾಯಿ ಎನ್ನುವುದು ಕಾಯಿಯಲ್ಲ, ಒಳಗೆ ನೂರಾರು ಪುಟ್ಟ ಹೂಗಳಿರುವ ಮುಚ್ಚಿದ ಗುಂಡು ಚೀಲ. ತುದಿಯಲ್ಲಿ ಒಂದು ಸಣ್ಣ ಕಿಂಡಿ. ಆ ಕಿಂಡಿಯಿಂದ ಒಳಗೆ ಹೋಗಬಲ್ಲದ್ದು ಕಣಜದ ಜಾತಿಗೆ ಸೇರಿದ, ಸೊಳ್ಳೆಗಿಂತ ಚಿಕ್ಕದಾದ ಒಂದು ಹುಳ. ನುಗ್ಗುವಾಗ ಅದರ ರೆಕ್ಕೆ ಮುರಿದು ಹೋಗುತ್ತದೆ. ಬೇರೆ ಅತ್ತಿಯಿಂದ ತಂದ ಪರಾಗವನ್ನು ಒಳಗಿನ ಹೂಗಳಿಗೆ ಮುಟ್ಟಿಸಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು, ಅಲ್ಲೇ ಸಾಯುತ್ತದೆ. ಮರಿಗಳು ಬೆಳೆದ ಮೇಲೆ ರೆಕ್ಕೆಯಿಲ್ಲದ ಗಂಡುಗಳು ಹೊರಹೋಗಲು ದಾರಿ ಕೊರೆದು ಸಾಯುತ್ತವೆ. ಹೆಣ್ಣುಗಳು ಪರಾಗ ಹೊತ್ತು ಹಾರಿಹೋಗುತ್ತವೆ.

ಹೊರಗೆ ಬಂದ ಹೆಣ್ಣಿನ ಆಯುಸ್ಸು ಒಂದೆರಡು ದಿನ ಮಾತ್ರ. ಅಷ್ಟರೊಳಗೆ ಸರಿಯಾದ ಹದದ ಕಾಯಿ ಇರುವ ಇನ್ನೊಂದು ಅತ್ತಿಮರ ಸಿಗಬೇಕು. ಒಂದು ಮರದಲ್ಲಿ ಕಾಯಿಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಬಲಿಯುವುದರಿಂದ ಅದೇ ಮರ ಉಪಯೋಗಕ್ಕೆ ಬರುವುದಿಲ್ಲ. ಆದ್ದರಿಂದ ಊರಿಗೆ ಒಂದು ಅತ್ತಿ ಇದ್ದರೆ ಸಾಲದು. ಸುತ್ತಿನ ಕಾಡು, ಹಳ್ಳದ ದಂಡೆ, ದೇವರಬನ, ರಸ್ತೆ ಬದಿಯಲ್ಲೆಲ್ಲ ಸೇರಿ, ಯಾವ ತಿಂಗಳಿನಲ್ಲಾದರೂ ಎಲ್ಲೋ ಒಂದು ಮರದಲ್ಲಿ ಕಾಯಿ ಇರಬೇಕು. ರಸ್ತೆ ಅಗಲ ಮಾಡಲು ನಾಲ್ಕು ಅತ್ತಿ ಕಡಿದರೆ ಉಳಿದ ಮರ ನಿಂತೇ ಇರುತ್ತದೆ, ಹಸಿರಾಗಿಯೇ ಇರುತ್ತದೆ. ಆದರೆ ಹುಳ ಬಾರದಿದ್ದರೆ ಕಾಯಿ ಹಣ್ಣಾಗದೆ ಉದುರುತ್ತದೆ. ಅತ್ತಿ, ಗೋಣಿ, ಬಸರಿ, ಆಲದ ಹಣ್ಣು ನಂಬಿರುವ ಮಂಗಟ್ಟೆ, ಬಾವಲಿ, ಕೆಂದಳಿಲು ಆಮೇಲೆ ಎಲ್ಲಿಗೆ ಹೋಗಬೇಕು? ನಮ್ಮ ತೋಟಕ್ಕೇ.

ತೋಟದ ಲೆಕ್ಕ

‘ಕಾಡಿನ ಕಥೆ ಕಾಡಿಗೆ, ನಮಗೇನು’ ಎನ್ನುವವರು ತಮ್ಮ ಅಡಿಕೆ ತೋಟದೊಳಗಿನ ಜಾಯಿಕಾಯಿ ಮರ ನೋಡಿ. ಅದರಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬರೀ ಹೆಣ್ಣು ಮರ ಸಾಲಾಗಿ ನೆಟ್ಟರೆ ಕಾಯಿ ಇಲ್ಲ ಎಂಬುದು ಬೆಳೆಗಾರರಿಗೆ ಗೊತ್ತು. ಆದರೆ ಗಂಡು ಮರದಿಂದ ಹೆಣ್ಣು ಮರಕ್ಕೆ ಪರಾಗ ಹೊತ್ತು ತರುವವರು ಯಾರು ಎಂದು ಕೇಳಿದರೆ ‘ಗಾಳಿ ಇರಬೇಕು’ ಎನ್ನುತ್ತೇವೆ. ತರುವುದು ಇರುವೆಯ ಹಾಗೆ ಕಾಣುವ, ರಾತ್ರಿ ಓಡಾಡುವ ಪುಟ್ಟ ದುಂಬಿ.

ಏಲಕ್ಕಿ ಹೂ ಬೆಳಗಿನ ಜಾವ ಅರಳಿ ಒಂದು ದಿನದಲ್ಲಿ ಮುಗಿಯುತ್ತದೆ. ಅಷ್ಟರಲ್ಲಿ ಜೇನು ಬರದಿದ್ದರೆ ಕಾಯಿ ಕಟ್ಟುವುದು ತೀರಾ ಕಡಿಮೆ. ಕೊಡಗಿನ ರೊಬಸ್ಟಾ ಕಾಫಿಗೆ ಬೇರೆ ಗಿಡದ ಪರಾಗವೇ ಬೇಕು. ಆ ಕೆಲಸದಲ್ಲಿ ಗಾಳಿಯ ಜೊತೆ ಹೆಜ್ಜೇನಿನ ಪಾಲು ದೊಡ್ಡದು. ಜೇನಿಗೆ ಕಾಫಿ ವರ್ಷದ ಕೆಲವು ದಿನ, ಏಲಕ್ಕಿ ಕೆಲವು ತಿಂಗಳು ಮಾತ್ರ ಊಟ ಹಾಕುತ್ತವೆ. ಉಳಿದ ದಿನಗಳಲ್ಲಿ ಅದನ್ನು ಸಾಕುವುದು ಮತ್ತಿ, ನೇರಳೆ, ಅಂಟುವಾಳದಂಥ ಕಾಡಿನ ಮರಗಳು. ಊಟ ಹಾಕಿದ್ದು ಬೆಟ್ಟ, ಕೆಲಸ ತೆಗೆದುಕೊಂಡದ್ದು ತೋಟ.

ಹಿರಿಯ ಜೇನು ಸಾಕಣೆದಾರರಿಗೆ 1990ರ ದಶಕದ ಆರಂಭ ನೆನಪಿದೆ. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ತುಡುವೆ ಜೇನಿನ ಪೆಟ್ಟಿಗೆಗಳು ಸಾಲುಸಾಲಾಗಿ ಖಾಲಿಯಾದವು. ಮತ್ತೆ ಶುರು ಮಾಡಿದವರು ಕಾಡಿನ ಪೊಟರೆಗಳಲ್ಲಿ ಬದುಕುಳಿದ ಕುಟುಂಬಗಳನ್ನು ಹಿಡಿದು ತಂದರು. ಅಂದು ಆ ಪೊಟರೆಯ ಮರಗಳೂ ಇಲ್ಲದೇ ಇದ್ದಿದ್ದರೆ?

ಇನ್ನೊಂದು ಜೋಡಿ ನೋಡಿ. ಕರ್ನಾಟಕಕ್ಕೆ ಒಂದು ರಾಜ್ಯ ಚಿಟ್ಟೆ ಇದೆ, ಸದರ್ನ್ ಬರ್ಡ್‌ವಿಂಗ್. ಅಂಗೈಗಿಂತ ದೊಡ್ಡದು, ಮುಂದಿನ ರೆಕ್ಕೆ ಕಪ್ಪು, ಹಿಂದಿನ ರೆಕ್ಕೆ ಹಳದಿ. ಅದರ ಮರಿಹುಳ ಸಿಕ್ಕಿದ ಎಲೆ ತಿನ್ನುವುದಿಲ್ಲ. ಈಶ್ವರಿ ಬಳ್ಳಿ ಮತ್ತು ಅದೇ ಕುಟುಂಬದ ಕೆಲವು ಗಿಡ ಮಾತ್ರ ಅದಕ್ಕೆ ಆಹಾರ. ಈಶ್ವರಿ ಬೇರನ್ನು ಹಾವಿನ ವಿಷಕ್ಕೆ ಮದ್ದೆಂದು ಹಿಂದಿನವರು ಅಗೆಯುತ್ತಿದ್ದರು. ಹಾವು ಕಚ್ಚಿದರೆ ಆಸ್ಪತ್ರೆಗೇ ಓಡಬೇಕು, ಅದು ಬೇರೆ ಮಾತು. ಬೇಲಿ ಸವರುವಾಗ ಕಳೆ ಎಂದು ಆ ಬಳ್ಳಿ ಕಿತ್ತರೆ ರಾಜ್ಯದ ಚಿಟ್ಟೆಯ ತಟ್ಟೆ ಕಿತ್ತ ಹಾಗೆ.

ಒಂದು ಎಕರೆ ಏಳು ಗುಂಟೆ

ಮಳೆಕಾಡಿನಲ್ಲಿ ಇಂಥ ಜೋಡಿ ಎಷ್ಟಿರಬಹುದು? ಲೆಕ್ಕ ಮಾಡಲು ಹೊರಟವರಿದ್ದಾರೆ. ಮಧ್ಯ ಅಮೆರಿಕದ ಪನಾಮಾ ದೇಶದ ಸ್ಯಾನ್ ಲೊರೆಂಜೊ ಕಾಡಿನಲ್ಲಿ 21 ದೇಶಗಳ 102 ಸಂಶೋಧಕರು ನೆಲದ ತರಗೆಲೆಯಿಂದ ಹಿಡಿದು ಮರದ ನೆತ್ತಿಯವರೆಗೆ ಕೀಟ, ಜೇಡ ಮುಂತಾದವನ್ನು ಹಿಡಿದು ಎಣಿಸಿದರು. ಅವರು ನೋಡಿದ ಜಾಗವನ್ನೆಲ್ಲ ಕೂಡಿಸಿದರೆ ಅರ್ಧ ಹೆಕ್ಟೇರಿಗೂ ಕಡಿಮೆ, ನಮ್ಮ ಲೆಕ್ಕದಲ್ಲಿ ಒಂದು ಎಕರೆ ಏಳು ಗುಂಟೆ. ಸಿಕ್ಕಿದ್ದು 6,144 ಜಾತಿ! 6,000 ಹೆಕ್ಟೇರಿನ ಇಡೀ ಕಾಡಿನಲ್ಲಿ ಸುಮಾರು 25,000 ಜಾತಿ ಇರಬಹುದು ಎಂದು ಅಂದಾಜಿಸಿ 2012ರಲ್ಲಿ ಪ್ರಕಟಿಸಿದರು.

ಆ ಅಧ್ಯಯನದ ಎರಡು ಮಾತು ನಮ್ಮ ಊರುಗಳಿಗೂ ಬೇಕು. ಒಂದು, ಗಿಡಮರಗಳ ಜಾತಿ ಹೆಚ್ಚಿದ್ದಲ್ಲಿ ಕೀಟಗಳ ಜಾತಿಯೂ ಹೆಚ್ಚು. ಹಾಗಿದ್ದ ಮೇಲೆ ಕಾನು ಕಡಿದು ಬರೀ ಅಕೇಶಿಯಾ ನೆಟ್ಟ ಗುಡ್ಡ ದೂರದಿಂದ ಹಸಿರಾಗಿ ಕಂಡರೂ ಒಳಗೆ ಬಡವಾಗಿರುತ್ತದೆ. ಎರಡು, ಅಲ್ಲಿ ಒಂದೇ ಹೆಕ್ಟೇರ್, ಅಂದರೆ ಎರಡೂವರೆ ಎಕರೆಯಲ್ಲಿ ಇಡೀ ಕಾಡಿನ ಶೇ 60ಕ್ಕೂ ಹೆಚ್ಚು ಜಾತಿಗಳಿದ್ದವು. ಆ ಎರಡೂವರೆ ಎಕರೆಯ ಸುತ್ತ ದೊಡ್ಡ ಕಾಡು ಇತ್ತು ಎಂಬುದನ್ನು ಮರೆಯಬಾರದು. ಆದರೂ, ‘ಎರಡು ಎಕರೆ ದೇವರಬನ ಇಟ್ಟುಕೊಂಡು ಏನು ಮಾಡ್ತೀರಿ’ ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನಮಗೆ ಸಿಕ್ಕಿಲ್ಲ.

ಪನಾಮಾಕ್ಕೆ ಹೋಗುವುದೇ ಬೇಡ. ನಮ್ಮ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ, ಮರಗಳು ಮಂಡಿಯೂರಿದ ಹಾಗೆ ಬೇರು ಮೇಲೆತ್ತಿ ನಿಂತಿರುವ ಆ ಕೆಸರಿನಲ್ಲಿ, ವಿಜ್ಞಾನಕ್ಕೆ ಹೊಸದಾದ ಒಂದು ಮರವೇ ಸಿಕ್ಕಿತು. ಗೇರಿನ ನೆಂಟ ಅದು. 2000ನೇ ಇಸವಿಯಲ್ಲಿ ಹೆಸರಿಡುವಾಗ ಆ ಕಾನಿನ ಹೆಸರನ್ನೇ ಸೇರಿಸಿ ‘ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್’ ಎಂದರು. ಅಷ್ಟೆತ್ತರದ ಮರವೇ 2000ದವರೆಗೆ ಪುಸ್ತಕದ ಹೊರಗಿತ್ತು ಎಂದರೆ ಅದರ ಹೂವಿಗೆ ಬರುವ ಹುಳಗಳ ಪಾಡೇನು?

ತರಾತುರಿಯ ಪುಸ್ತಕ

2002ರ ಜೀವವೈವಿಧ್ಯ ಕಾಯ್ದೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆಂದು ಹೇಳುತ್ತದೆ. ಊರಿನ ಜನರನ್ನು ಕೇಳಿ ದಾಖಲಾತಿ ಬರೆಯುವುದು ಆ ಸಮಿತಿಯ ಮುಖ್ಯ ಕೆಲಸ. ವರ್ಷಗಟ್ಟಲೆ ಬಹಳ ಕಡೆ ಇದು ಆಗಲಿಲ್ಲ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, 2020ರ ಜನವರಿ 31ರೊಳಗೆ ಮುಗಿಸಿ, ಇಲ್ಲದಿದ್ದರೆ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕು ಎಂದಿತು. ಒಳ್ಳೆಯ ಉದ್ದೇಶದ ಆದೇಶವೇ. ಆದರೆ ಗಡುವಿಗೆ ಹೆದರಿ ಬರೆದ ಪುಸ್ತಕ ಹೇಗಿರುತ್ತದೆ ಎಂಬುದನ್ನು ನಾವು ಆ ಕಪಾಟಿನಲ್ಲಿ ಕಂಡೆವು.

ಅದೇ ಊರಿನಲ್ಲಿ ಜೇನು ಕೀಳುವ ಅಜ್ಜನೊಬ್ಬರನ್ನು ಭೇಟಿಯಾದೆವು. ಯಾವ ಮರಕ್ಕೆ ಯಾವ ತಿಂಗಳು ಹೆಜ್ಜೇನು ಬರುತ್ತದೆ, ಯಾವ ಹೂವಿನ ತುಪ್ಪ ಕಹಿ, ಚಗಳಿ ಇರುವೆ ಯಾವ ಮರದಲ್ಲಿ ಕೊಟ್ಟೆ ಕಟ್ಟುತ್ತದೆ ಎಲ್ಲವೂ ಅವರ ಬಾಯಲ್ಲಿತ್ತು. ‘ಅಜ್ಜ, ಪುಸ್ತಕ ಬರೆಯುವಾಗ ನಿಮ್ಮನ್ನು ಕೇಳಿದ್ರಾ’ ಎಂದೆವು. ‘ಯಾರೂ ಬರಲಿಲ್ಲ ತಮಾ. ಬಂದಿದ್ರೆ ಚಾ ಕುಡಿಸಿ ಹೇಳ್ತಿದ್ದೆ’ ಎಂದರು.

ಎದುರು ಮಾತೂ ಇದೆ, ಅದನ್ನು ನಾವು ತಳ್ಳಿಹಾಕುವುದಿಲ್ಲ. ನೆಟ್‌ವರ್ಕ್ ಇಲ್ಲದ, ಬಸ್ ಇಲ್ಲದ ಊರಿನಲ್ಲಿ ಹುಳ ಎಣಿಸಿ ಎಂದರೆ ಸಿಟ್ಟು ಬರುತ್ತದೆ. ಮೇಲಾಗಿ ಕಾಡಿನ ಸಣ್ಣ ಜೀವಿಗಳೆಲ್ಲ ನಮಗೆ ಸ್ನೇಹಿತರಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ. ಇಂದಿಗೂ ಮಲೆನಾಡಿನಲ್ಲಿ ಜೀವ ತೆಗೆಯುತ್ತಿದೆ. ಉಣುಗು ಎಂಟು ಕಾಲಿನದು, ಕೀಟವಲ್ಲ ಎಂದು ಪಾಠ ಹೇಳಿದರೆ ಮಗ ಮಲಗಿರುವ ಮನೆಯವರಿಗೆ ಸಮಾಧಾನವಾಗುವುದಿಲ್ಲ. ಆದರೆ ಹೆದರಿಕೆ ಇದ್ದಲ್ಲಿಯೇ ಬರೆದಿಡುವುದು ಹೆಚ್ಚು ಬೇಕು. ಯಾವ ಬೇಣದಲ್ಲಿ, ಯಾವ ತಿಂಗಳು ಉಣುಗು ಹೆಚ್ಚು, ಮಂಗ ಎಲ್ಲಿ ಸತ್ತು ಬಿತ್ತು ಎಂಬುದೂ ಅದೇ ಪುಸ್ತಕದಲ್ಲಿ ಇರಲಿ.

ಏನು ಮಾಡಬಹುದು?

ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಆ ಪುಸ್ತಕ ಹೊರಗೆ ತರಿಸಿ. ನಿಮ್ಮ ಸಮಿತಿಯ ಸದಸ್ಯರು ಯಾರು ಎಂದು ಕೇಳಿ. ಸದಸ್ಯರಿಗೇ ತಾವು ಸದಸ್ಯರೆಂದು ಗೊತ್ತಿಲ್ಲದಿದ್ದರೂ ಆಶ್ಚರ್ಯಪಡಬೇಡಿ.

ಆಮೇಲೆ ಒಂದೇ ಒಂದು ಹೊಸ ಕಾಲಂ ಸೇರಿಸಲು ಒತ್ತಾಯಿಸಿ. ಮರದ ಹೆಸರಿನ ಪಕ್ಕದಲ್ಲಿ ‘ಈ ಮರಕ್ಕೆ ಯಾವ ಹುಳ ಬರುತ್ತದೆ, ಯಾವಾಗ ಬರುತ್ತದೆ’ ಎಂಬ ಕಾಲಂ. ಲ್ಯಾಟಿನ್ ಹೆಸರು ಬೇಕಿಲ್ಲ. ನಮ್ಮೂರ ಹೆಸರು, ತಿಂಗಳು, ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಸಾಕು. ಹೆಸರು ಪತ್ತೆ ಮಾಡಲು ಅರಣ್ಯ ಕಾಲೇಜು, ಕೃಷಿ ವಿಶ್ವವಿದ್ಯಾಲಯದವರನ್ನು ಆಮೇಲೆ ಕರೆಯಬಹುದು. ಜೇನು ಕೀಳುವವರು, ಸೊಪ್ಪು ತರುವ ಹೆಂಗಸರು, ದನ ಮೇಯಿಸುವವರು ಹೇಳಲಿ, ಶಾಲೆಯ ಮಕ್ಕಳು ಬರೆಯಲಿ.

ಅತ್ತಿ, ಗೋಣಿ, ಬಸರಿ, ಆಲದ ಮರಗಳನ್ನು ಊರಿನ ನಕ್ಷೆಯಲ್ಲಿ ಒಂದೊಂದಾಗಿ ಗುರುತಿಸಿ, ಯಾವುದು ಯಾವ ತಿಂಗಳು ಹಣ್ಣು ಬಿಡುತ್ತದೆ ಎಂದು ಬರೆಯಿರಿ. ನಾಳೆ ರಸ್ತೆ ಅಗಲ ಮಾಡಲು, ವಿದ್ಯುತ್ ಲೈನ್ ಎಳೆಯಲು ಬಂದಾಗ ‘ಇದು ಬರೀ ಕಾಡುಮರ’ ಎನ್ನುವವರ ಮುಂದೆ ಇಡಲು ನಿಮ್ಮ ಕೈಯಲ್ಲಿ ಒಂದು ಕಾಗದ ಇರುತ್ತದೆ. ಕಾಗದ ಇದ್ದರೆ ಮರ ಉಳಿದೇ ಬಿಡುತ್ತದೆ ಎಂದು ನಾವು ಭರವಸೆ ಕೊಡಲಾರೆವು. ಕಾಗದವೇ ಇಲ್ಲದಿದ್ದರೆ ಮಾತಾಡಲೂ ಜಾಗ ಇರುವುದಿಲ್ಲ, ಅದನ್ನು ಎಷ್ಟೋ ಸಭೆಗಳಲ್ಲಿ ಕೂತು ಕಂಡಿದ್ದೇವೆ.

ಆ ದಿನ ಪಂಚಾಯಿತಿಯಿಂದ ಹೊರಗೆ ಬಂದು ಉದುರಿದ ಒಂದು ಅತ್ತಿಹಣ್ಣು ಬಿಚ್ಚಿ ನೋಡಿದೆವು. ಒಳಗೆ ಸಣ್ಣ ಹುಳಗಳಿದ್ದವು, ಒಂದೆರಡಕ್ಕೆ ಇನ್ನೂ ಜೀವ ಇತ್ತು. ಮೊದಲಾಗಿದ್ದರೆ ಹೇಸಿ ಬಿಸಾಡುತ್ತಿದ್ದೆವು. ಈ ಸಲ ಸಿಬ್ಬಂದಿಯನ್ನು ಕರೆದು ತೋರಿಸಿದೆವು. ಅವರು ಬಗ್ಗಿ ನೋಡಿ, ‘ಇದನ್ನೂ ಬರೀಬೇಕಾ ಸರ್’ ಎಂದು ಕೇಳಿದರು. ಹೌದು, ಇದರಿಂದಲೇ ಶುರು ಮಾಡಿ ಎಂದೆವು.