ಮತಪತ್ರದಲ್ಲಿ ಒಂದೇ ಹೆಸರು ಉಳಿದಾಗ

‘ರಷ್ಯಾ ನೋಡ್ರಿ. ಒಬ್ಬನೇ ಗಟ್ಟಿ ನಾಯಕ, ಒಂದೇ ಮಾತು. ನಮ್ಮ ಹಾಗೆ ವರ್ಷವಿಡೀ ಎಲೆಕ್ಷನ್ ರಗಳೆ ಇಲ್ಲ.’

ಈ ಮಾತನ್ನು ಅರಳಿಕಟ್ಟೆಯಲ್ಲೂ ಕೇಳಿದ್ದೇವೆ, ವಾಟ್ಸಾಪ್ ಗ್ರೂಪಿನಲ್ಲೂ ಓದಿದ್ದೇವೆ. ಹೀಗೆ ಹೇಳುವವರು ಖಕಾಸಿಯಾ ಎಂಬ ಜಾಗದ ಕಥೆ ತಿಳಿಯಬೇಕು ಅನ್ನುವುದು ನಮ್ಮ ತಕರಾರು.

ರಷ್ಯಾದಲ್ಲೂ ಚುನಾವಣೆ ನಡೆಯುತ್ತದೆ. ಅಲ್ಲಿನ ಗಣರಾಜ್ಯಗಳು ಹೆಚ್ಚುಕಡಿಮೆ ನಮ್ಮ ರಾಜ್ಯಗಳ ಹಾಗೆ. ಒಂದೊಂದಕ್ಕೂ ಅದರದೇ ಶಾಸನಸಭೆ ಇದೆ. ದಕ್ಷಿಣ ಸೈಬೀರಿಯಾದ ಖಕಾಸಿಯಾ ಅವುಗಳಲ್ಲಿ ಒಂದು. ರಾಜಧಾನಿ ಅಬಕಾನ್, ಜನಸಂಖ್ಯೆ ಸುಮಾರು 5.3 ಲಕ್ಷ. ಕಲ್ಲಿದ್ದಲು ಗಣಿ, ಯೆನಿಸೇ ನದಿಯ ದೊಡ್ಡ ಅಣೆಕಟ್ಟು, ಬಯಲು ಹುಲ್ಲುಗಾವಲು. ಶಾಸನಸಭೆಗೆ ಸುಪ್ರೀಂ ಕೌನ್ಸಿಲ್ ಎಂದು ಹೆಸರು, ಸದಸ್ಯರು 50. ಗಣರಾಜ್ಯದ ಮುಖ್ಯಸ್ಥನನ್ನು ಜನರೇ ನೇರವಾಗಿ ಆರಿಸುತ್ತಾರೆ.

2018ರ ಜೂನ್‌ನಲ್ಲಿ, ಫುಟ್ಬಾಲ್ ವಿಶ್ವಕಪ್ ಶುರುವಾದ ದಿನವೇ, ಪಿಂಚಣಿ ವಯಸ್ಸು ಏರಿಸುವುದಾಗಿ ರಷ್ಯಾ ಸರ್ಕಾರ ಹೇಳಿತು. ಗಂಡಸರಿಗೆ 60ರಿಂದ 65, ಹೆಂಗಸರಿಗೆ 55ರಿಂದ 63. ದೇಶದ ತುಂಬ ಸಿಟ್ಟು ಎದ್ದಿತು. ಆಗಸ್ಟ್ ಕೊನೆಯಲ್ಲಿ ಪುಟಿನ್ ಟಿವಿಗೆ ಬಂದು ಹೆಂಗಸರ ವಯಸ್ಸನ್ನು 60ಕ್ಕೆ ಇಳಿಸಿದರು. ಆದರೂ ಜನ ಸಮಾಧಾನವಾಗಲಿಲ್ಲ.

ಸೆಪ್ಟೆಂಬರ್ 9ರಂದು ಖಕಾಸಿಯಾದ ಜನ ಮತ ಹಾಕಿದರು. ಶಾಸನಸಭೆಯ ಪಕ್ಷವಾರು ಮತದಲ್ಲಿ ಕಮ್ಯುನಿಸ್ಟ್ ಪಕ್ಷಕ್ಕೆ ಶೇ 31ರಷ್ಟು, ಪುಟಿನ್ ಬೆಂಬಲದ ಯುನೈಟೆಡ್ ರಷ್ಯಾಗೆ ಶೇ 25ರಷ್ಟು. 2009ರಿಂದ ಅಧಿಕಾರದಲ್ಲಿದ್ದ ಮುಖ್ಯಸ್ಥ ವಿಕ್ಟರ್ ಜಿಮಿನ್ ಅವರನ್ನು 30 ವರ್ಷದ ವ್ಯಾಲೆಂಟಿನ್ ಕೊನೊವಾಲೊವ್ ಹಿಂದೆ ಹಾಕಿದರು. ಯಾರಿಗೂ ಅರ್ಧದಷ್ಟು ಮತ ಬರದ ಕಾರಣ ಇಬ್ಬರ ನಡುವೆ ಎರಡನೇ ಸುತ್ತು ನಡೆಯಬೇಕಿತ್ತು.

ಆಮೇಲೆ ನಡೆದದ್ದು ನೋಡಿ. ಮತದಾನಕ್ಕೆ ಎರಡು ದಿನ ಇರುವಾಗ ಜಿಮಿನ್ ಹಿಂದೆ ಸರಿದರು. ಮೂರನೆಯವರನ್ನು ಕಣಕ್ಕೆ ತಂದು ಚುನಾವಣೆ ಮುಂದೂಡಿದರು. ಅವರೂ ಸರಿದರು. ನಾಲ್ಕನೆಯವರನ್ನು ತಂದು ಮತ್ತೆ ಮುಂದೂಡಿದರು. ಅವರೂ ಸರಿದರು. ಕೊನೆಗೆ ನವೆಂಬರ್ 11ರಂದು ಮತಪತ್ರದಲ್ಲಿ ಉಳಿದದ್ದು ಒಂದೇ ಹೆಸರು, ‘ಪರ’ ಮತ್ತು ‘ವಿರುದ್ಧ’ ಎಂಬ ಎರಡು ಚೌಕ. ಹಾಗಿದ್ದೂ ಶೇ 57ಕ್ಕಿಂತ ಹೆಚ್ಚು ಜನ ‘ಪರ’ ಗುರುತು ಹಾಕಿ ಕೊನೊವಾಲೊವ್ ಅವರನ್ನು ಗೆಲ್ಲಿಸಿದರು.

‘ನಮ್ಮ ಒಂದು ವೋಟಿನಿಂದ ಏನಾಗುತ್ತೆ?’ ಅನ್ನುವವರಿಗೆ ಖಕಾಸಿಯಾದ ಜನ ಅವತ್ತೇ ಉತ್ತರ ಕೊಟ್ಟಿದ್ದಾರೆ. ಅಷ್ಟು ಬಲವಾದ ಆಡಳಿತವೂ ಆ ಒಂದು ಕಾಗದದ ಚೂರಿಗೆ ಹೆದರಿ ಎರಡು ತಿಂಗಳು ಓಡಾಡಿತು.

ಗೆದ್ದವರು ಮಹಾ ಕ್ರಾಂತಿಕಾರಿ ಎಂದು ನಾವು ಹೇಳುತ್ತಿಲ್ಲ. ಉಕ್ರೇನ್ ಯುದ್ಧವನ್ನು ಅವರ ಪಕ್ಷವೂ ಬೆಂಬಲಿಸುತ್ತದೆ. ನಮ್ಮ ಪ್ರಶ್ನೆ ಬೇರೆ: ಹಾಗೆ ಹೆದರಿದ ಆಡಳಿತ ಆಮೇಲೆ ಏನು ಮಾಡಿತು?

2020ರಲ್ಲಿ ಕಾನೂನು ಬದಲಿಸಿ ಮತದಾನವನ್ನು ಮೂರು ದಿನಕ್ಕೆ ಹಿಗ್ಗಿಸಿತು. ಎರಡು ರಾತ್ರಿ ಮತಪೆಟ್ಟಿಗೆ ಕಾಯುವವರು ಯಾರು? 2022ರ ಮಾರ್ಚ್‌ನಲ್ಲಿ, ಸೇನೆಯ ಬಗ್ಗೆ ‘ಸುಳ್ಳು ಸುದ್ದಿ’ ಹಬ್ಬಿಸಿದರೆ 15 ವರ್ಷದವರೆಗೆ ಜೈಲು ಎಂಬ ಕಾನೂನು ಬಂತು. ಸುದ್ದಿ ಬರೆಯುವುದನ್ನೇ ಕಲಿತ ನಮಗೆ ಇದನ್ನು ಓದಿದರೆ ಮೈ ಜುಮ್ಮೆನ್ನುತ್ತದೆ. 2023ರ ಆಗಸ್ಟ್‌ನಲ್ಲಿ, ಮತ್ತೊಂದು ಚುನಾವಣೆಗೆ ಕೆಲವೇ ವಾರ ಇರುವಾಗ, ಮತದಾನದ ಮೇಲೆ ಕಣ್ಣಿಟ್ಟಿದ್ದ ‘ಗೋಲೋಸ್’ ಎಂಬ ಸ್ವತಂತ್ರ ಸಂಘಟನೆಯ ಮುಖಂಡ ಗ್ರಿಗೊರಿ ಮೆಲ್ಕೊನ್ಯಾಂಟ್ಸ್ ಅವರನ್ನು ಬಂಧಿಸಿದರು. 2025ರಲ್ಲಿ ಅವರಿಗೆ ಐದು ವರ್ಷ ಜೈಲಾಯಿತು, ಸಂಘಟನೆ ಬಾಗಿಲು ಹಾಕಿತು.

ಆ 2023ರ ಸೆಪ್ಟೆಂಬರ್‌ನಲ್ಲಿ ಖಕಾಸಿಯಾದ ಶಾಸನಸಭೆಗೂ ಚುನಾವಣೆ ಇತ್ತು. ಮುಖ್ಯಸ್ಥನ ಸ್ಥಾನಕ್ಕೆ ನಿಂತಿದ್ದ ಯುನೈಟೆಡ್ ರಷ್ಯಾ ಅಭ್ಯರ್ಥಿ ಮತ್ತೆ ಕೊನೆ ಗಳಿಗೆಯಲ್ಲಿ, ಅನಾರೋಗ್ಯದ ಕಾರಣ ಹೇಳಿ ಹಿಂದೆ ಸರಿದರು. ಕೊನೊವಾಲೊವ್ ಉಳಿದುಕೊಂಡರು. ಆದರೆ ಶಾಸನಸಭೆಯ ಬಹುಮತ ಯುನೈಟೆಡ್ ರಷ್ಯಾದ ಕೈ ಸೇರಿತು.

ಈ ಆಟದಲ್ಲಿ ಮತಗಟ್ಟೆಗೆ ಬೀಗ ಹಾಕಬೇಕಾಗಿಲ್ಲ. ನಿಲ್ಲುವವರನ್ನು ಸರಿಸಿದರೆ ಸಾಕು. ಎಣಿಕೆ ನೋಡುವವರನ್ನು, ಬರೆಯುವವರನ್ನು ಜೈಲಿಗೆ ಹಾಕಿದರೆ ಸಾಕು. ಜನ ಸಾಲಿನಲ್ಲಿ ನಿಂತು ಮತ ಹಾಕಿ ಮನೆಗೆ ಹೋಗುತ್ತಾರೆ, ಟಿವಿಯಲ್ಲಿ ಶೇಕಡಾವಾರು ಲೆಕ್ಕ ಬರುತ್ತದೆ. ‘ಇವರಾರೂ ಬೇಡ’ ಅನ್ನಲು ನಮಗೆ 2013ರಿಂದ ನೋಟಾ ಬಟನ್ ಇದೆ. ರಷ್ಯಾದ ಮತಪತ್ರದಲ್ಲಿ ಮೊದಲು ಇದ್ದ ಆ ಸಾಲನ್ನು 2006ರಲ್ಲಿ ಅಳಿಸಿಹಾಕಿದರು.

ಆದ್ದರಿಂದ ‘ಒಬ್ಬನೇ ನಾಯಕ ಸಾಕು’ ಎಂಬ ಫಾರ್ವರ್ಡ್ ಮತ್ತೆ ಬಂದರೆ, ಕಳಿಸಿದವರಿಗೆ ಮೂರೇ ಪ್ರಶ್ನೆ ಕೇಳಿ. ಅಲ್ಲಿ ಎದುರು ನಿಲ್ಲಲು ಯಾರಿಗೆ ಬಿಡುತ್ತಾರೆ? ಎಣಿಕೆಯನ್ನು ಯಾರು ನೋಡುತ್ತಾರೆ? ಮೋಸ ಆಗಿದೆ ಎಂದು ಬರೆದವರು ಈಗ ಎಲ್ಲಿದ್ದಾರೆ?

ನೀವು ರಗಳೆ ಅನ್ನುತ್ತೀರಲ್ಲ, ಆ ಜಗಳ, ಆ ಬ್ಯಾನರು, ಬೂತ್ ಏಜೆಂಟರ ಆ ಕಿತ್ತಾಟ? ಖಕಾಸಿಯಾದವರ ಕೈಯಿಂದ ಜಾರಿದ್ದು ಅದೇ.