ಚಿತ್ತಾರವಿಲ್ಲದ ಗುಡಾಣಗಳು

ಆಂಡೀಸ್ ಸೀಮೆಯ ಹಳೆಯ ರಾಜ್ಯಗಳ ಮಾತು ಬಂದಾಗ ಎಲ್ಲರೂ ಬಣ್ಣದ ಕುಡಿಕೆಗಳನ್ನೇ ಮುಂದಿಡುತ್ತಾರೆ. ಔತಣ ಕೊಟ್ಟ ದೊರೆ ತಾನು ಹೇಗೆ ಕಾಣಬೇಕೆಂದು ಬಯಸಿದ್ದ ಎಂಬುದು ಅವುಗಳಿಂದ ತಿಳಿಯುತ್ತದೆ. ಆದರೆ ಔತಣ ಎಷ್ಟು ದೊಡ್ಡದಿತ್ತು, ಯಾರ ಬೆವರಿನಲ್ಲಿ ನಡೆಯಿತು ಎಂದು ತಿಳಿಯಬೇಕಾದರೆ ಮಸಿ ಹಿಡಿದ ಸಾದಾ ಮಡಕೆಗಳನ್ನೇ ಕೇಳಬೇಕು.

ಆ ಔತಣಗಳ ಜೀವಾಳ ಚಿಚಾ ಎಂಬ ಮದ್ಯ. ಮೆಕ್ಕೆಜೋಳವನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಬೀಸಬೇಕು. ಗಂಟೆಗಟ್ಟಲೆ ಕುದಿಸಿ, ಸೋಸಿ, ಗುಡಾಣಗಳಲ್ಲಿ ಹುಳಿಯಲು ಬಿಡಬೇಕು. ಕೆಲವೇ ದಿನಗಳಲ್ಲಿ ಅದು ಕೆಡುತ್ತದೆ. ತಿಂಗಳ ಮೊದಲೇ ಮಾಡಿಡುವಂತಿಲ್ಲ, ದೂರದಿಂದ ಹೊತ್ತು ತರುವುದೂ ಕಷ್ಟ. ನೂರಾರು ಜನಕ್ಕೆ ಒಂದೇ ದಿನ ಕುಡಿಸಬೇಕೆಂದರೆ ಪಾತ್ರೆ, ಸೌದೆ, ಆಳುಗಳೆಲ್ಲ ಅಲ್ಲೇ ಇರಬೇಕು. ದೊರೆಯ ಉದಾರತೆಗೆ ಗುಡಾಣದ ಹೊಟ್ಟೆಯೇ ಮಿತಿ.

ದಕ್ಷಿಣ ಪೆರುವಿನ ಸೆರೊ ಬಾವುಲ್ ಗುಡ್ಡದ ನೆತ್ತಿಯಲ್ಲಿ ಇಂಕಾಗಳಿಗೂ ಹಿಂದಿನ ವಾರಿ ಜನರ ಮದ್ಯದ ಮನೆಯೊಂದು ಸಿಕ್ಕಿದೆ. ಅದನ್ನು ತೊರೆಯುವಾಗ ಅವರು ಕೊನೆಯ ಔತಣ ನಡೆಸಿ, ಕುಡಿದ ಪಾತ್ರೆಗಳನ್ನು ಬೆಂಕಿಗೆ ಎಸೆದರೆಂಬ ಕಥೆ ಬಹಳ ಪ್ರಸಿದ್ಧ. ನನಗೆ ಅದಕ್ಕಿಂತ ಹೆಚ್ಚು ಮಾತಾಡುವುದು ಅಲ್ಲಿನ ಕುದಿಸುವ ಗುಡಾಣಗಳು. ಒಂದು ಸಲಕ್ಕೆ 1,500 ಲೀಟರಿಗೂ ಹೆಚ್ಚು ಮದ್ಯ ತಯಾರಾಗುತ್ತಿತ್ತೆಂದು ಅಂದಾಜು. ಆ ನೆತ್ತಿಯಲ್ಲಿ ನೀರಿನ ಸೆಲೆಯೇ ಇಲ್ಲ! ಪ್ರತಿ ಕೊಡವನ್ನೂ ಕಣಿವೆಯಿಂದ ಹೊತ್ತು ಹತ್ತಬೇಕಿತ್ತು. ಆ ನೆಲದಲ್ಲೇ ಹೆಂಗಸರು ಹೊದಿಕೆಗೆ ಚುಚ್ಚುವ ಲೋಹದ ಪಿನ್ನುಗಳು ಉದುರಿದ್ದವು. ಕುದಿಸುತ್ತಿದ್ದವರು ಹೆಂಗಸರೇ, ಅದೂ ಸ್ಥಾನಮಾನವುಳ್ಳವರು ಎಂದು ಉತ್ಖನನಕಾರರು ಊಹಿಸಿದ್ದು ಅದರಿಂದಲೇ.

ಇಂಕಾ ಪಟ್ಟಣ ಹುವಾನುಕೊ ಪಂಪಾದಲ್ಲಿ ಪುರಾತತ್ವಜ್ಞ ಕ್ರೇಗ್ ಮಾರಿಸ್ ಅಗೆದಾಗ, ಚೌಕಕ್ಕೆ ಹೊಂದಿದ ಕಟ್ಟಡಗಳಲ್ಲಿ ದೊಡ್ಡ ಗುಡಾಣಗಳ ಚೂರುಗಳು ರಾಶಿರಾಶಿಯಾಗಿ ಸಿಕ್ಕವು. ಸರದಿಯ ಮೇಲೆ ರಾಜ್ಯಕ್ಕೆ ದುಡಿಯಲು ಬಂದವರಿಗೆ ಅಲ್ಲಿ ಊಟ, ಚಿಚಾ. ಅದು ಬರೀ ಆತಿಥ್ಯವಲ್ಲ, ಕೂಲಿಯೂ ಹೌದು.

ಸಾದಾ ಮಡಕೆ ಯಾವ ಮನೆಯಲ್ಲೂ ಇರುತ್ತಿತ್ತಲ್ಲ ಎಂಬ ಆಕ್ಷೇಪ ಸುಲಭದ್ದಲ್ಲ. ಒಂದು ಮಡಕೆಯನ್ನಷ್ಟೇ ಕೈಯಲ್ಲಿ ಹಿಡಿದು ಔತಣದ್ದೆಂದು ಹೇಳಲಾಗದು. ಗಾತ್ರ, ಸಂಖ್ಯೆ, ಸಿಕ್ಕ ಜಾಗ ಸೇರಿದಾಗ ಮಾತು ಗಟ್ಟಿಯಾಗುತ್ತದೆ. ಪೆರುವಿನ ಉತ್ತರ ತೀರದ ಸಾನ್ ಹೊಸೆ ದೆ ಮೊರೊದಲ್ಲಿ ಮೊಚೆ ಜನರ ಗೋರಿಗಳ ಆಸುಪಾಸಿನಲ್ಲೇ ನೆಲದಲ್ಲಿ ಹೂತ ಗುಡಾಣಗಳಿವೆ. ಅವು ದಿನದ ಅಡುಗೆಗೆ ಇಟ್ಟವಲ್ಲ.

ಉಳಿದ ತೊಡಕು ಕೆಲಸದ ರೀತಿಯದು. ಮಡಕೆಯ ಒಳಮೈಯ ಸಣ್ಣ ರಂಧ್ರಗಳಲ್ಲಿ ಪಿಷ್ಟದ ಕಣ ಉಳಿದಿದ್ದರೆ ಕುದಿಸಿದ್ದೇನೆಂದು ತಿಳಿಯಬಹುದು. ಆದರೆ ಉತ್ಖನನದ ಶಿಬಿರಕ್ಕೆ ಬಂದ ಚೂರುಗಳನ್ನು ತಿಕ್ಕಿ ತೊಳೆಯುವುದೇ ರೂಢಿ. ಚಿತ್ತಾರ ತೊಳೆದರೆ ಎದ್ದು ಕಾಣುತ್ತದೆ, ಚಿಚಾದ ಗುರುತು ತೊಳೆದರೆ ಹೋಗುತ್ತದೆ.