ರೋಗಿಯ ಮಾತು ಕೇಳಲು ಕಲಿಸುವವರು ಯಾರು?

ಪುಣೆಯಿಂದ ದಿವೆ ಘಾಟ್ ಹತ್ತಿ ಬಂದರೆ ಸಾಸವಡ. ಅಂಜೂರ, ಸೀತಾಫಲದ ಸೀಮೆ. ವಿಜಯಪುರದವನಾದ ನಾನು ಇಲ್ಲಿ ವೈದ್ಯ. ಇಂಟರ್ನ್‌ಗಳೂ ನಮ್ಮಲ್ಲಿಗೆ ಕಲಿಯಲು ಬರುತ್ತಾರೆ.

ಈಚೆಗೆ ತೋಟದ ಕೂಲಿ ಮಹಿಳೆಯೊಬ್ಬರು ಬಂದು ‘ಪಿತ್ತ ಝಾಲಯ’ ಎಂದರು. ನಮ್ಮ ಕಡೆ ‘ಪಿತ್ತ ಆಗೇತ್ರಿ’ ಎನ್ನುವುದಿಲ್ಲವೇ, ಅದೇ. ಇಂಟರ್ನ್ ಆಸಿಡಿಟಿ ಮಾತ್ರೆ ಬರೆಯಹೊರಟ. ‘ಯಾವಾಗ ಆಗುತ್ತದೆ ಎಂದು ಕೇಳು’ ಎಂದೆ. ಕೇಳಿದ. ಹಣ್ಣಿನ ಬುಟ್ಟಿ ಹೊತ್ತು ದಿಬ್ಬ ಹತ್ತುವಾಗ ಎದೆ ಹಿಡಿಯುತ್ತದೆ, ಕುಳಿತರೆ ಬಿಡುತ್ತದೆ ಎಂದರು. ಇಸಿಜಿ ಮಾಡಿ, ಹೃದಯ ತಜ್ಞರಲ್ಲಿಗೆ ಪುಣೆಗೆ ಕಳಿಸಿದೆವು.

‘ಆಂಜೈನಾ ಓದಿದ್ದೆ ಸರ್, ಕೇಳಬೇಕೆಂದು ಹೊಳೆಯಲಿಲ್ಲ’ ಎಂದ ಹುಡುಗ. ಅವನು ದಡ್ಡನಲ್ಲ.

2019ರಲ್ಲಿ ಎಂಬಿಬಿಎಸ್ ಪಠ್ಯಕ್ರಮ ಬದಲಾದಾಗ ವರ್ತನೆ, ನೀತಿ ಮತ್ತು ಸಂವಹನ ಕಲಿಸುವ ‘ಎಟ್‌ಕಾಮ್’ ಕಡ್ಡಾಯವಾಯಿತು. ಆರಂಭಿಕ ಕೋರ್ಸ್‌ನಲ್ಲಿ ಸ್ಥಳೀಯ ಭಾಷೆಗೂ ಜಾಗ ಸಿಕ್ಕಿತು. ಒಳ್ಳೆಯ ಹೆಜ್ಜೆಯೇ. ಆದರೆ ಹುಡುಗರ ಭವಿಷ್ಯ ನಿರ್ಧರಿಸುವುದು ನೀಟ್ ಪಿಜಿಯ 200 ಬಹು ಆಯ್ಕೆ ಪ್ರಶ್ನೆಗಳು. ಅಲ್ಲಿ ರೋಗಿಯ ಕಥೆಯನ್ನು ಬೇರೆ ಯಾರೋ ಆಗಲೇ ಕೇಳಿ, ಪುಸ್ತಕದ ಭಾಷೆಗೆ ತಿರುಗಿಸಿ ಬರೆದಿರುತ್ತಾರೆ. ನಾಲ್ಕರಲ್ಲಿ ಒಂದು ಉತ್ತರ ಆರಿಸಿದರೆ ಮುಗಿಯಿತು. ನಿಜವಾದ ರೋಗಿ ‘ಪಿತ್ತ’ ಎನ್ನುತ್ತಾರೆ, ಆಯ್ಕೆಗಳನ್ನು ಕೊಡುವುದಿಲ್ಲ. ಹೀಗಾಗಿ ಕೇಳುವುದನ್ನು ಕಲಿಯಬೇಕಾದ ಇಂಟರ್ನ್‌ಶಿಪ್ ವರ್ಷ ಪ್ರಶ್ನೆ ಬ್ಯಾಂಕ್‌ನಲ್ಲೇ ಕಳೆದುಹೋಗುತ್ತಿದೆ.

ಸರದಿ ಅಷ್ಟುದ್ದ ಇರುವಾಗ ಸಮಯವೆಲ್ಲಿ ಎಂಬ ಪ್ರಶ್ನೆ ಸುಳ್ಳಲ್ಲ. 67 ದೇಶಗಳ ಮಾಹಿತಿ ಕಲೆಹಾಕಿದ 2017ರ ಅಧ್ಯಯನದ ಪ್ರಕಾರ ಪ್ರಾಥಮಿಕ ಚಿಕಿತ್ಸೆಯಲ್ಲಿ ಭಾರತದ ರೋಗಿಗೆ ಸಿಗುವುದು ಸುಮಾರು 2 ನಿಮಿಷ, ಸ್ವೀಡನ್‌ನಲ್ಲಿ 22 ನಿಮಿಷಕ್ಕೂ ಹೆಚ್ಚು. ಆದರೆ ಸಮಯವಿದ್ದರಷ್ಟೇ ಸಾಲದು. ರೋಗಿ ಮಾತು ಶುರುಮಾಡಿದ ಸರಾಸರಿ 18 ಸೆಕೆಂಡಿಗೆ ವೈದ್ಯರು ಬಾಯಿ ಹಾಕುತ್ತಾರೆಂದು 1984ರಲ್ಲೇ ಅಮೆರಿಕದ ಅಧ್ಯಯನವೊಂದು ತೋರಿಸಿತ್ತು. ಸಾಸವಡದ ಆ ಒಂದು ಪ್ರಶ್ನೆಗೆ ಅರ್ಧ ನಿಮಿಷವೂ ಹಿಡಿಯಲಿಲ್ಲ.

ಉಪನ್ಯಾಸದಿಂದ ಈ ವಿದ್ಯೆ ಬರದು. ಹಿರಿಯರು ಪಕ್ಕದಲ್ಲಿ ಕುಳಿತು ನೋಡಿ, ತಿದ್ದಬೇಕು. ಇಂಟರ್ನ್‌ಶಿಪ್ ಮುಗಿಯುವ ಮುನ್ನ ಇಂಥ ಹತ್ತು ಸಂದರ್ಶನಗಳಾದರೂ ಕಡ್ಡಾಯವಾಗಲಿ. ರೋಗಿಯ ದೂರನ್ನು ಮೊದಲು ಅವರದೇ ಮಾತಿನಲ್ಲಿ ಬರೆಯಲಿ, ಕಾಯಿಲೆಯ ಹೆಸರು ಆಮೇಲೆ. ಹೊರರಾಜ್ಯದ ವಿದ್ಯಾರ್ಥಿಗಳು ಓದುವ ಕರ್ನಾಟಕದ ಕಾಲೇಜುಗಳಿಗೂ ಈ ಮಾತು ಸಲ್ಲುತ್ತದೆ. ಅಲ್ಲಿ ಕನ್ನಡ ಕಲಿಸುವುದು ಬರೀ ಭಾಷಾಭಿಮಾನದ ಪ್ರಶ್ನೆಯಲ್ಲ, ರೋಗಿಯ ಜೀವದ ಪ್ರಶ್ನೆ.